ಮಳೆ ಹಿಡಿದ ಮನೆಯಲ್ಲಿ ಹೆಣಿಗೆ ಮತ್ತು ಓದು

ಮಲೆನಾಡಿನವರಿಗೆ ಮಳೆಗಾಲದ ತಯಾರಿಯನ್ನು ಯಾರೂ ಹೇಳಿಕೊಡಬೇಕಿಲ್ಲ. ಮೇ ತಿಂಗಳು ಮುಗಿಯುವುದರೊಳಗೆ ಸೌದೆ ಕೊಟ್ಟಿಗೆ ಸೇರಿರುತ್ತದೆ, ಹಲಸಿನ ಹಪ್ಪಳ ಡಬ್ಬಿ ಸೇರಿರುತ್ತದೆ, ಹೆಂಚು ಕೈಯಾಡಿಸಿ ಆಗಿರುತ್ತದೆ. ಹೊಟ್ಟೆಯ ಬಗ್ಗೆ, ಮಾಡಿನ ಬಗ್ಗೆ ಇಷ್ಟು ಮುಂದಾಲೋಚನೆ ಮಾಡುವ ನಾವು ಮನಸ್ಸಿಗೆಂದು ಮಾತ್ರ ಏನನ್ನೂ ಕೂಡಿಡುವುದಿಲ್ಲ. ಜುಲೈ ಮಧ್ಯದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುತ್ತದೆ, ಹಿಂದೆಯೇ ಮೊಬೈಲ್ ಟವರ್ ಕೈಕೊಡುತ್ತದೆ, ಶಾಲೆಗೆ ಮಳೆ ರಜೆ ಬರುತ್ತದೆ. ಹೆಂಚಿನ ಮೇಲಿನ ಸದ್ದು ನಾಲ್ಕು ದಿನವಾದರೂ ನಿಲ್ಲುವುದಿಲ್ಲ. ಆಗ ಮನೆಯ ಒಬ್ಬೊಬ್ಬರೂ ಒಂದೊಂದು ಮೂಲೆ ಹಿಡಿದು ಸಿಡುಕುತ್ತಾರೆ.

ಈ ಲೇಖನ ಆ ದಿನಗಳಿಗಾಗಿ. ಹೇಳುವ ವಿಷಯ ಒಂದೇ: ಹೆಣಿಗೆ, ಓದು, ಮನೆಮಂದಿ ಈ ಮೂರನ್ನೂ ಬೇರೆ ಬೇರೆ ಇಟ್ಟರೆ ಸಿಗುವ ನೆಮ್ಮದಿ ಕಡಿಮೆ. ಒಂದೇ ಹೊತ್ತಿಗೆ, ಒಂದೇ ದೀಪದ ಕೆಳಗೆ ತಂದರೆ ಮಳೆಗಾಲ ಹಗುರಾಗುತ್ತದೆ. ಒಬ್ಬರು ಓದುತ್ತಾರೆ, ಇಬ್ಬರು ಹೆಣೆಯುತ್ತಾರೆ, ಒಬ್ಬರು ಹಲಸಿನ ಬೀಜ ಸುಡುತ್ತಾರೆ. ಇದಕ್ಕೆ ಬೇಕಾದ ಖರ್ಚು ಕಡಿಮೆ, ಸಿದ್ಧತೆ ಮಾತ್ರ ಮೊದಲೇ ಆಗಬೇಕು.

ಸಕಲೇಶಪುರ, ಆಲೂರು ಅಕ್ಕಪಕ್ಕದ ತಾಲ್ಲೂಕುಗಳಾದರೂ ಮಳೆಯ ಲೆಕ್ಕ ಒಂದೇ ಅಲ್ಲ. ಘಟ್ಟದ ಅಂಚಿನ ಹಾನುಬಾಳು, ಹೆತ್ತೂರು, ಬಿಸಿಲೆ ಕಡೆ ಸುರಿಯುವ ಮಳೆ ಆಲೂರಿನ ಪೂರ್ವಕ್ಕೆ ಬರುವಷ್ಟರಲ್ಲಿ ಜಿಟಿಜಿಟಿಯಾಗಿರುತ್ತದೆ. ನಿಮ್ಮೂರಿನ ಮಳೆ ನೋಡಿಕೊಂಡು ಕೆಳಗಿನ ದಿನಗಳನ್ನು ಹಿಂದೆ ಮುಂದೆ ಮಾಡಿಕೊಳ್ಳಿ. ನಾನು ಕ್ಯಾಲೆಂಡರಿನ ತಾರೀಕಿಗಿಂತ ಮಳೆ ನಕ್ಷತ್ರಗಳ ಲೆಕ್ಕದಲ್ಲೇ ಹೇಳುತ್ತೇನೆ, ಇಲ್ಲಿನ ಮನೆಗಳಲ್ಲಿ ಕೆಲಸ ಹೊಂದಿಸುವುದು ಹಾಗೆಯೇ.

ಮೃಗಶಿರಕ್ಕೆ ಮೊದಲು: ಕೊಳ್ಳುವುದು, ಒಣಗಿಸುವುದು

ಮೃಗಶಿರ ಮಳೆ ಹುಟ್ಟುವುದು ಜೂನ್ 7-8ರ ಸುಮಾರಿಗೆ. ಉಲ್ಲನ್ ಅದಕ್ಕಿಂತ ಮೊದಲು ಮನೆಗೆ ಬಂದಿರಲಿ. ಪಟ್ಟಣದ ಫ್ಯಾನ್ಸಿ ಸ್ಟೋರುಗಳಲ್ಲಿ ಸಿಗುವ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್ ನೂಲಿನವು, ಲೂಧಿಯಾನಾ ಕಡೆಯಿಂದ ಬರುವಂಥವು. ಹೆಸರು ಉಲ್ಲನ್ ಆದರೂ ಅದರಲ್ಲಿ ಕುರಿಯ ಉಣ್ಣೆ ಇರುವುದು ಅಪರೂಪ. ಅದಕ್ಕೆ ಬೇಸರಪಡಬೇಕಿಲ್ಲ. ಅಕ್ರಿಲಿಕ್ ಬೇಗ ಒಣಗುತ್ತದೆ, ನುಸಿ ಹಿಡಿಯುವುದಿಲ್ಲ, ಮೈಗೆ ಚುಚ್ಚುವುದಿಲ್ಲ, ಬೆಲೆಯೂ ಕಡಿಮೆ. ಕಲಿಯುವವರಿಗೆ, ಮಕ್ಕಳ ಬಟ್ಟೆಗೆ ಅದೇ ಸರಿ. ಉಣ್ಣೆಯ ಗುಣವೇ ಬೇರೆ. ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಅದು ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ನಾಟಿ ಗದ್ದೆಗೆ ಇಳಿಯುತ್ತಿದ್ದ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಬೆಳಗಿನ ಜಾವ ತೋಟಕ್ಕೆ ಹೋಗುವವರಿಗೆ ಸ್ವೆಟರ್ ಹಾಕುವುದಾದರೆ ಉಣ್ಣೆ ಬೆರೆತ ನೂಲು ಹುಡುಕಿ, ದುಡ್ಡು ದಂಡವಾಗುವುದಿಲ್ಲ.

ಕಡ್ಡಿ ಕೊಳ್ಳುವಾಗ ಒಂದು ವಿಷಯ ನೆನಪಿರಲಿ. ನಮ್ಮ ಅಂಗಡಿಗಳಲ್ಲಿ ಇನ್ನೂ ಹಳೆಯ ಬ್ರಿಟಿಷ್ ನಂಬರುಗಳೇ ನಡೆಯುತ್ತಿವೆ, ಅದರಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. 8ನೇ ನಂಬರ್ ಎಂದರೆ 4 ಮಿ.ಮೀ., 10ನೇ ನಂಬರ್ ಎಂದರೆ 3.25 ಮಿ.ಮೀ. ದಪ್ಪ. ಮೊದಲ ಸಲ ಹಿಡಿಯುವವರಿಗೆ 8ನೇ ನಂಬರ್ ಕಡ್ಡಿ ಮತ್ತು ಸ್ವಲ್ಪ ದಪ್ಪನೆಯ, ಅಂಗಡಿಯವರು ಡಬಲ್ ನಿಟ್ಟಿಂಗ್ ಎನ್ನುವ ನೂಲು ತೆಗೆದುಕೊಳ್ಳಿ. ಸಪೂರ ನೂಲಿನಲ್ಲಿ ಕೆಲಸ ಮುಂದೆ ಸಾಗುವುದೇ ಕಾಣದೆ ಬೇಗ ಮನಸ್ಸು ಸೋಲುತ್ತದೆ. ಬಣ್ಣ ತಿಳಿಯಾಗಿರಲಿ. ಕಪ್ಪು, ಗಾಢ ನೀಲಿ ನೂಲಿನಲ್ಲಿ ಮಳೆಗಾಲದ ಮಂದ ಬೆಳಕಿಗೆ ಕುಣಿಕೆಗಳೇ ಕಾಣಿಸುವುದಿಲ್ಲ.

ಒಬ್ಬರ ಮಫ್ಲರಿಗೆ 150 ಗ್ರಾಂ, ಮಕ್ಕಳ ಒಂದು ಟೋಪಿಗೆ 50-60 ಗ್ರಾಂ ನೂಲು ಬೇಕು. ಬೇಕಾದಷ್ಟನ್ನು ಒಂದೇ ಸಲ ಕೊಳ್ಳಿ, ಸುತ್ತಿದ ಚೀಟಿಯ ಮೇಲಿನ ಲಾಟ್ ನಂಬರ್ ಎಲ್ಲ ಉಂಡೆಗಳಲ್ಲೂ ಒಂದೇ ಇದೆಯೇ ನೋಡಿ. ಅದೇ ಬಣ್ಣ ಎಂದು ಆಗಸ್ಟ್‌ನಲ್ಲಿ ತಂದ ಇನ್ನೊಂದು ಉಂಡೆ ಹೆಣೆದ ಮೇಲೆ ಬೇರೆಯೇ ಬಣ್ಣವಾಗಿ ಕಾಣುತ್ತದೆ.

ದುಡ್ಡು ಹಾಕದೆಯೂ ಶುರು ಮಾಡಬಹುದು. ಅಟ್ಟದ ಪೆಟ್ಟಿಗೆಯಲ್ಲಿ ಯಾರಿಗೂ ಹಿಡಿಸದ ಕೈಹೆಣಿಗೆಯ ಹಳೆ ಸ್ವೆಟರ್ ಒಂದಾದರೂ ಇರುತ್ತದೆ. ಪಕ್ಕದ ಹೊಲಿಗೆಯನ್ನು ಬಿಡಿಸಿ, ಹೆಣಿಗೆ ಮುಗಿಸಿದ ತುದಿಯಿಂದ ದಾರ ಎಳೆಯುತ್ತಾ ಹೋದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ನೂಲು ಸುರುಳಿ ಸುರುಳಿಯಾಗಿರುತ್ತದೆ. ಕುರ್ಚಿಯ ಬೆನ್ನಿಗೆ ಸಡಿಲವಾಗಿ ಸುತ್ತಿ, ನಾಲ್ಕು ಕಡೆ ದಾರ ಕಟ್ಟಿ, ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಡದೆ ನೇತುಹಾಕಿ ಕೆಳಗೆ ಒಂದು ಚೊಂಬು ತೂಗುಬಿಡಿ. ಒಣಗಿದಾಗ ಸುರುಳಿ ಬಿಟ್ಟಿರುತ್ತದೆ. ಇದನ್ನು ಮೇ ಬಿಸಿಲಿನಲ್ಲೇ ಮುಗಿಸಿ, ಜುಲೈನಲ್ಲಿ ಒಣಗುವ ಆಸೆ ಬೇಡ. ಮಕ್ಕಳ ಎರಡು ಕೈಗೆ ನೂಲು ಹಾಕಿ ಉಂಡೆ ಸುತ್ತುವ ಕೆಲಸ ಕೊಟ್ಟರೆ ರಜೆಯ ಒಂದು ಮಧ್ಯಾಹ್ನ ಅದರಲ್ಲೇ ಕಳೆಯುತ್ತದೆ.

ಉಂಡೆಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಉಣ್ಣೆಯಾದರೆ ಒಣ ಬೇವಿನ ಎಲೆ, ಬಟ್ಟೆಯಲ್ಲಿ ಕಟ್ಟಿದ ಕಾಳುಮೆಣಸು ಜೊತೆಗಿರಲಿ, ಮೆಣಸಿಗೆ ಇಲ್ಲಿ ಬರವಿಲ್ಲವಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ನುಸಿಗುಳಿಗೆ ಬೇಡ. ಪೆಪ್ಪರಮಿಂಟು ಎಂದು ಬಾಯಿಗೆ ಹಾಕಿಕೊಳ್ಳುತ್ತಾರೆ.

ಪುಸ್ತಕಗಳಿಗೂ ಈ ದಿನಗಳಲ್ಲಿ ಒಂದು ಬಿಸಿಲು ಬೇಕು. ಎಳೆಬಿಸಿಲಿನಲ್ಲಿ ಹಾಳೆಗಳನ್ನು ಬಿಡಿಸಿ ಅರ್ಧ ತಾಸು ನಿಲ್ಲಿಸಿ, ಒಣಬಟ್ಟೆಯಲ್ಲಿ ಒರೆಸಿ. ಹೊರಗೋಡೆಗೆ ಒತ್ತಿದ ಕಪಾಟಿನಲ್ಲಿ ಬೂಷ್ಟು ಗ್ಯಾರಂಟಿ, ಆದ್ದರಿಂದ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ, ಒಳಗೆ ಪುಸ್ತಕಗಳನ್ನು ಒತ್ತೊತ್ತಾಗಿ ತುರುಕದೆ ಗಾಳಿಯಾಡಲು ಬಿಡಿ. ಬೂಷ್ಟು ಹಿಡಿದೇಬಿಟ್ಟರೆ ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಜಗಲಿಯಲ್ಲಿ ಒಣ ಬ್ರಷ್‌ನಿಂದ ಕೊಡವಿ. ಒದ್ದೆ ಬಟ್ಟೆ ತಾಗಿಸಬೇಡಿ.

ಕೂರುವ ಜಾಗ

ಕಿಟಕಿ ಪಕ್ಕದ ಬೆಳಕು ಎಡಭುಜದ ಮೇಲಿಂದ ಬರುವಂತೆ ಕುಳಿತರೆ ಬಲಗೈಯವರಿಗೆ ಕೈಯ ನೆರಳು ಹೆಣಿಗೆಯ ಮೇಲೆ ಬೀಳುವುದಿಲ್ಲ. ಸಂಜೆಗೆ ಚಾರ್ಜ್ ಮಾಡುವ ಎಲ್‌ಇಡಿ ದೀಪ ಒಂದು, ಸಾಧ್ಯವಾದರೆ ಸೋಲಾರ್ ದೀಪ ಇನ್ನೊಂದು ಇರಲಿ. ಕ್ಯಾಂಡಲ್ ಬೆಳಕಿನಲ್ಲಿ ಹೆಣೆಯುವುದು ಕಣ್ಣಿಗೆ ಶಿಕ್ಷೆ.

ಬೆಂಕಿಯ ಬಗ್ಗೆ ಎರಡು ಮಾತು ಗಟ್ಟಿಯಾಗಿ ಹೇಳಬೇಕು. ಅಕ್ರಿಲಿಕ್ ನೂಲಿಗೆ ಕಿಡಿ ತಾಗಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ, ಹಾಗಾಗಿ ಒಲೆಯ ಬಾಯಲ್ಲಿ ಕುಳಿತು ಹೆಣೆಯಬೇಡಿ. ಎರಡನೆಯದು ಇನ್ನೂ ಮುಖ್ಯ: ಬಾಗಿಲು ಕಿಟಕಿ ಎಲ್ಲ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಬೇಡಿ. ಕೆಂಡದಿಂದ ಏಳುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆ ಬಂದಂತಾಗಿ ಮಲಗಿದವರು ಏಳದೇ ಹೋಗಬಹುದು. ಒಂದು ಕಿಟಕಿಯನ್ನಾದರೂ ಸ್ವಲ್ಪ ತೆರೆದಿಡಿ, ಮಲಗುವ ಮುಂಚೆ ಕೆಂಡವನ್ನು ಹೊರಗೆ ಸಾಗಿಸಿ.

ಆರಿದ್ರೆ: ಮಫ್ಲರಿನಿಂದ ಶುರು

ಜೂನ್ 22ರ ಸುಮಾರಿಗೆ ಆರಿದ್ರೆ ಹಿಡಿಯುತ್ತದೆ. ಕೈ ಹಚ್ಚಲು ಇದೇ ಹೊತ್ತು. ಸ್ವೆಟರಿನಿಂದ ಶುರು ಮಾಡಿದವರಲ್ಲಿ ಹೆಚ್ಚಿನವರು ತೋಳಿಗೆ ಬರುವ ಮೊದಲೇ ಕೈಬಿಡುತ್ತಾರೆ, ಬೆನ್ನಿನ ಭಾಗವೊಂದು ವರ್ಷಗಟ್ಟಲೆ ಚೀಲದಲ್ಲಿ ಕೊಳೆಯುತ್ತದೆ. ಮಫ್ಲರ್ ಎಂದರೆ ಒಂದು ನೇರ ಪಟ್ಟಿ ಅಷ್ಟೇ. ಅದಕ್ಕೆ ಒಂದೇ ಬಗೆಯ ಕುಣಿಕೆ ಸಾಕು.

ಕುಣಿಕೆ ಹಾಕುವುದು ಹೀಗೆ. ನೂಲಿನ ತುದಿಯಲ್ಲಿ ಎಳೆದರೆ ಬಿಗಿಯಾಗುವ ಸರಗುಣಿಕೆ ಮಾಡಿ ಎಡಗಡ್ಡಿಗೆ ತೊಡಿಸಿ. ಬಲಗಡ್ಡಿಯನ್ನು ಆ ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ಚುಚ್ಚಿ, ಹಿಂದೆ ಇರುವ ನೂಲನ್ನು ಬಲಗಡ್ಡಿಗೆ ಕೆಳಗಿನಿಂದ ಮೇಲಕ್ಕೆ ಒಂದು ಸುತ್ತು ಹಾಕಿ, ಆ ಸುತ್ತನ್ನು ಕುಣಿಕೆಯೊಳಗಿಂದ ಮುಂದಕ್ಕೆ ಎಳೆದುಕೊಳ್ಳಿ. ಹೊಸ ಕುಣಿಕೆ ಸಿಕ್ಕಿತು. ಹಳೆಯದನ್ನು ಬೀಳಿಸದೆ ಹೊಸದನ್ನೂ ಎಡಗಡ್ಡಿಗೇ ಏರಿಸಿ. ಹೀಗೆ 36 ಆಗುವವರೆಗೆ ಮಾಡಿ. ಬಿಗಿ ಬೇಡ, ಕುಣಿಕೆಗಳು ಕಡ್ಡಿಯ ಮೇಲೆ ಸಲೀಸಾಗಿ ಜಾರಬೇಕು.

ಇನ್ನು ಹೆಣಿಗೆ. ಚುಚ್ಚು, ಸುತ್ತು, ಎಳಿ, ಇಳಿಸು. ಮೊದಲ ಮೂರು ಮೇಲೆ ಹೇಳಿದ್ದೇ, ನಾಲ್ಕನೆಯದರಲ್ಲಿ ಹಳೆಯ ಕುಣಿಕೆಯನ್ನು ಎಡಗಡ್ಡಿಯಿಂದ ಇಳಿಸಿಬಿಡಬೇಕು. ಹೊಸದು ಬಲಗಡ್ಡಿಯಲ್ಲೇ ಉಳಿಯುತ್ತದೆ. ಇದಕ್ಕೆ ಸೀದಾ ಎನ್ನುತ್ತಾರೆ. ಸಾಲು ಮುಗಿದ ಮೇಲೆ ಕಡ್ಡಿಗಳ ಕೈ ಬದಲಿಸಿ ಮತ್ತೆ ಅದನ್ನೇ ಮಾಡಿ. ಮಕ್ಕಳಿಗೆ ಕಲಿಸುವಾಗ ಈ ನಾಲ್ಕು ಮಾತನ್ನು ಬಾಯಲ್ಲಿ ಹೇಳಿಸುತ್ತಾ ಹೋದರೆ ಕೈ ತಾನಾಗಿ ಹಿಂದೆ ಬರುತ್ತದೆ.

ಪ್ರತಿ ಸಾಲಿನ ಕೊನೆಗೆ ಎಣಿಸಿ. 36 ಇದ್ದದ್ದು 37, 38 ಆಗುತ್ತಾ ಹೋದರೆ ಕಾರಣ ಬಹುಪಾಲು ಒಂದೇ. ಸಾಲಿನ ಶುರುವಿನಲ್ಲಿ ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದಿರುತ್ತೀರಿ, ಆಗ ಮೊದಲ ಕುಣಿಕೆ ಎರಡಾಗಿ ಕಾಣುತ್ತದೆ. ನೂಲನ್ನು ಕಡ್ಡಿಯ ಕೆಳಗಿನಿಂದ ಹಿಂದಕ್ಕೆ ತನ್ನಿ, ಲೆಕ್ಕ ಸರಿಹೋಗುತ್ತದೆ. ಕುಣಿಕೆಯೊಂದು ತಪ್ಪಿಬಿದ್ದರೆ ಗಾಬರಿಬಿದ್ದು ಕಡ್ಡಿ ಕಿತ್ತುಹಾಕಬೇಡಿ. ಬಿದ್ದ ಕುಣಿಕೆಗೆ ಒಂದು ಪಿನ್ ಹಾಕಿ ನಿಲ್ಲಿಸಿ, ಕ್ರೋಶಾ ಕಡ್ಡಿಯಿಂದ ಮೇಲಿನ ಒಂದೊಂದೇ ಎಳೆಯನ್ನು ಅದರೊಳಗೆ ಎಳೆದುಕೊಳ್ಳುತ್ತಾ ಏರಿಸಿ. ಕೈ ತೀರಾ ಬಿಗಿಯಾದವರು 8ರ ಬದಲು 7ನೇ ನಂಬರ್ ಕಡ್ಡಿ ಹಿಡಿಯುವುದು ಒಳ್ಳೆಯದು.

36 ಕುಣಿಕೆಗೆ ಸುಮಾರು 17 ಸೆಂ.ಮೀ. ಅಗಲ ಬರುತ್ತದೆ. ಉದ್ದ 150 ಸೆಂ.ಮೀ. ಸಾಕು. ಹೊಸಬರು ದಿನಕ್ಕೊಂದು ಗಂಟೆ ಕುಳಿತರೆ ಹೆಚ್ಚುಕಡಿಮೆ ಒಂದು ತಿಂಗಳು, ಅಂದರೆ ಆರಿದ್ರೆಯಲ್ಲಿ ಹಾಕಿದ್ದು ದೊಡ್ಡ ಪುಷ್ಯದ ಹೊತ್ತಿಗೆ ಕುತ್ತಿಗೆಗೆ ಬರುತ್ತದೆ. ಮುಗಿಸುವಾಗ ಎರಡು ಕುಣಿಕೆ ಹೆಣೆದು, ಮೊದಲನೆಯದನ್ನು ಎರಡನೆಯದರ ಮೇಲಿಂದ ದಾಟಿಸಿ ಬಿಡಿ, ಮತ್ತೊಂದು ಹೆಣೆಯಿರಿ, ಮತ್ತೆ ದಾಟಿಸಿ. ಕೊನೆಗೆ ಉಳಿದ ಒಂದರೊಳಗೆ ನೂಲಿನ ತುದಿ ತೂರಿಸಿ ಎಳೆಯಿರಿ.

ಹಿರಿಯರ ಕೈಗಳ ಮಾತೂ ಇದೆ. ಗಂಟುನೋವಿದ್ದವರಿಗೆ ಲೋಹದ ಕಡ್ಡಿ ಥಂಡಿಯಲ್ಲಿ ಹಿಡಿಸುವುದಿಲ್ಲ, ಬಿದಿರಿನದು ಹಗುರ. ಅರ್ಧ ಗಂಟೆಗೊಮ್ಮೆ ಎದ್ದು ಬೆರಳು ಬಿಡಿಸಿಕೊಳ್ಳಲಿ. ಕಣ್ಣು ಮಂಜಾಗಿದ್ದರೂ ಒಂದೇ ಬಗೆಯ ಸೀದಾ ಸಾಲುಗಳನ್ನು ಬೆರಳಿನ ಗುರುತಿನಲ್ಲೇ ಹೆಣೆಯುವ ಅಜ್ಜಿಯರಿದ್ದಾರೆ. ಅಂಥವರ ಪಕ್ಕ ಒಬ್ಬ ಮೊಮ್ಮಗನನ್ನು ಕೂರಿಸಿದರೆ ಎಣಿಸುವ ಕೆಲಸ ಅವನದಾಗುತ್ತದೆ. "ಅಜ್ಜಿ, ಮೂವತ್ತೈದೇ ಇದೆ" ಎಂದು ಅವನು ಕೂಗಿದಾಗ ಇಬ್ಬರಿಗೂ ಕೆಲಸ ಸಿಕ್ಕಿತು.

ಗಟ್ಟಿಯಾಗಿ ಓದುವುದು

ಹೆಣೆಯುವವರ ಕೈಗೆ ಬಿಡುವಿಲ್ಲ, ಕಿವಿಗೆ ಪೂರ್ತಿ ಬಿಡುವು. ಈ ಲೇಖನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವ ಭಾಗ ಇದು. ಮಲೆನಾಡಿನಲ್ಲಿ ಮಳೆಗಾಲದ ರಾತ್ರಿ ಒಬ್ಬರು ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ಓದುವುದು, ಉಳಿದವರು ಹಗ್ಗ ಹೊಸೆಯುತ್ತಲೋ ಅಡಿಕೆ ಸುಲಿಯುತ್ತಲೋ ಕೇಳುವುದು ಹೊಸದೇನಲ್ಲ. ಜೈಮಿನಿ ಭಾರತದ ಲಕ್ಷ್ಮೀಶ ದೂರದವನೂ ಅಲ್ಲ, ಕಡೂರು ತಾಲ್ಲೂಕಿನ ದೇವನೂರಿನವನು. ರೇಡಿಯೊ ಬಂದು, ಟೀವಿ ಬಂದು ಈ ಓದು ನಿಂತಿತು. ಕರೆಂಟು ಹೋದ ಮನೆಯಲ್ಲಿ ಅದನ್ನು ಮತ್ತೆ ಶುರು ಮಾಡಲು ಯಾರ ಅಡ್ಡಿಯೂ ಇಲ್ಲ.

ಕ್ರಮ ಸರಳ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಓದುವವರು ದಿನಕ್ಕೊಬ್ಬರಂತೆ ಬದಲಾಗಲಿ, ಐದನೇ ತರಗತಿಯ ಮಗುವೂ ಒಂದು ಪುಟ ಓದಲಿ. ತಪ್ಪು ಓದಿದರೆ ನಡುವೆ ತಿದ್ದಬೇಡಿ, ಮರುದಿನ ಓದಲು ಅದು ಕೂರುವುದಿಲ್ಲ. ಕಥೆ ಬಿಗಿಗೊಂಡ ಕಡೆ ನಿಲ್ಲಿಸಿ, "ಮುಂದೇನಾಯ್ತು" ಎನ್ನುವ ಪ್ರಶ್ನೆ ಮರುದಿನ ಎಲ್ಲರನ್ನೂ ಹೊತ್ತಿಗೆ ಸರಿಯಾಗಿ ಕರೆತರುತ್ತದೆ.

ಏನು ಓದುವುದು? ಮನೆಯ ಹತ್ತಿರದವರಿಂದಲೇ ಶುರು ಮಾಡಿ. ಸಕಲೇಶಪುರದ ಪಕ್ಕದಲ್ಲಿ ಹರಿಯುವ ಹೇಮಾವತಿ ಮುಂದೆ ಗೊರೂರು ಅಣೆಕಟ್ಟೆ ಸೇರುತ್ತಾಳೆ. ಆ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ (1904-1991) ಬರೆದ 'ಹಳ್ಳಿಯ ಚಿತ್ರಗಳು', 'ನಮ್ಮ ಊರಿನ ರಸಿಕರು' ಗಟ್ಟಿಯಾಗಿ ಓದಲೆಂದೇ ಬರೆದಂತಿವೆ. ಒಂದೊಂದು ಪ್ರಬಂಧ ಒಂದೊಂದು ಸಂಜೆಗೆ ಸರಿಹೊಂದುತ್ತದೆ, ನಗುವಾಗ ಕುಣಿಕೆ ತಪ್ಪುವ ಅಪಾಯ ಮಾತ್ರ ಇದೆ. ಪಕ್ಕದ ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ' ಮಕ್ಕಳಿಗೆ ಹೇಳಿಮಾಡಿಸಿದ್ದು. ಅದರ ಕಿವಿ ಎಂಬ ನಾಯಿ, ಮಾರ, ಶಿಕಾರಿ, ಹಳ್ಳ ಎಲ್ಲವೂ ಇಲ್ಲಿನ ಮಕ್ಕಳಿಗೆ ಕಿಟಕಿಯಾಚೆಯೇ ಇವೆ. ನಂತರ 1980ರ 'ಕರ್ವಾಲೊ' ಹಿಡಿಯಿರಿ, ಹಾರುವ ಓತಿಯನ್ನು ಹುಡುಕಿಹೋಗುವ ಆ ಕಾದಂಬರಿ ಚಿಕ್ಕದು, ಹದಿನೈದು ದಿನದ ಓದು. ರಾಜೇಶ್ವರಿ ತೇಜಸ್ವಿಯವರ 'ನನ್ನ ತೇಜಸ್ವಿ' ಮಲೆನಾಡಿನ ಒಂಟಿಮನೆಯ ಸಂಸಾರವನ್ನು ಹೆಂಡತಿಯ ಕಡೆಯಿಂದ ಹೇಳುವ ಪುಸ್ತಕ, ತೋಟದ ಮನೆಯ ಹೆಣ್ಣುಮಕ್ಕಳು ಓದಲೇಬೇಕು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕೈಗೆತ್ತಿಕೊಂಡರೆ ಈ ಮಳೆಗಾಲಕ್ಕೆ ಅದೊಂದೇ ಸಾಕು.

ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು ಬೇರೆ ಬಗೆಯವು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದದ್ದು ಎಲ್ಲರಿಗೂ ಗೊತ್ತು. ಕನ್ನಡದಲ್ಲಿ ಓದಲು 'ಹಸೀನಾ ಮತ್ತು ಇತರ ಕಥೆಗಳು' ಇದೆ. ಇವು ಹೆಣ್ಣಿನ ಮನೆಯೊಳಗಿನ ಸಂಕಟದ ಕಥೆಗಳು, ಮಲಗುವ ಮುಂಚಿನ ಓದಿಗೆ ಹೇಳಿದಂಥವಲ್ಲ. ಮಧ್ಯಾಹ್ನ ದೊಡ್ಡವರೇ ಕುಳಿತು ಓದಿ, ಓದಿದ ಮೇಲೆ ಮಾತಾಡಿ. ನಮ್ಮ ಜಿಲ್ಲೆಯವರೇ ಆದ ಭೈರಪ್ಪನವರ 'ಗೃಹಭಂಗ'ವನ್ನು ಮಾತ್ರ ಸೂರ್ಯ ಕಂಡ ಮೇಲೆ ಓದಿ. ಆರಿದ್ರೆಯ ಕತ್ತಲೆಯಲ್ಲಿ ಅದು ಹೆಚ್ಚು ಭಾರ.

ಪುಸ್ತಕ ಕೊಳ್ಳಲಾಗದವರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಿದೆ. 2019ರಲ್ಲಿ ಗ್ರಾಮಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಈ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಬೋರ್ಡು ಇರುತ್ತದೆ. 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಸದಸ್ಯತ್ವ ಉಚಿತ. ಮಗುವಿನ ಹೆಸರಿನಲ್ಲಿ ಪುಸ್ತಕ ತನ್ನಿ, ಮನೆಯವರೆಲ್ಲ ಓದಿ. ತರುವಾಗ ಪ್ಲಾಸ್ಟಿಕ್ ಚೀಲ ಮರೆಯಬೇಡಿ, ದಾರಿಯಲ್ಲಿ ಇಂಬಳ ಕಾಲಿಗೆ ಹತ್ತಿದರೂ ಪುಸ್ತಕ ನೆನೆಯದಿರಲಿ.

ಮನೆಯವರ ಪಾಲು

ಹೆಣಿಗೆ ಮನಸ್ಸಿಗೆ ಹಿತ ಎಂದು ಸುಲಭವಾಗಿ ಬರೆದುಬಿಡುತ್ತಾರೆ. 2013ರಲ್ಲಿ 'ಬ್ರಿಟಿಷ್ ಜರ್ನಲ್ ಆಫ್ ಆಕ್ಯುಪೇಷನಲ್ ಥೆರಪಿ'ಯಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಹಲವು ದೇಶಗಳ 3,545 ಹೆಣಿಗೆಗಾರರು ಉತ್ತರಿಸಿದ್ದರು. ಹೆಚ್ಚು ಸಲ ಹೆಣೆಯುವವರು ತಮಗೆ ಹೆಚ್ಚು ಸಮಾಧಾನ, ಸಂತೋಷ ಸಿಗುತ್ತದೆ ಎಂದಿದ್ದರು. ಆದರೆ ಉತ್ತರ ಕೊಟ್ಟವರೆಲ್ಲ ಮೊದಲೇ ಹೆಣಿಗೆ ಇಷ್ಟಪಟ್ಟವರು. ಬೆಳಿಗ್ಗೆ ಐದಕ್ಕೆ ಎದ್ದು ಅಕ್ಕಿರೊಟ್ಟಿ ಬಡಿದು, ಕೊಟ್ಟಿಗೆ ಕೆಲಸ ಮುಗಿಸಿ, ಆಳುಗಳಿಗೆ ಕಾಫಿ ಕಾಯಿಸಿ, ಒಣಗದ ಬಟ್ಟೆಯ ರಾಶಿ ನೋಡಿ ನಿಟ್ಟುಸಿರು ಬಿಡುವ ಹೆಂಗಸಿನ ಕೈಗೆ ಕಡ್ಡಿ ಕೊಟ್ಟು "ಮಗನಿಗೊಂದು ಸ್ವೆಟರ್ ಹಾಕಮ್ಮ" ಎಂದರೆ ಅದು ಇನ್ನೊಂದು ಕೆಲಸ ಅಷ್ಟೇ. ಆದ್ದರಿಂದ ಮನೆಯಲ್ಲಿ ಒಂದು ಕರಾರು ಮಾಡಿಕೊಳ್ಳಿ: ಆ ಒಂದು ಗಂಟೆ ಅವರನ್ನು ಯಾರೂ ಏಳಿಸುವಂತಿಲ್ಲ. ಕಾಫಿ ಬೇಕಾದವರು ತಾವೇ ಕಾಯಿಸಿಕೊಳ್ಳಲಿ, ಅವರಿಗೂ ಒಂದು ಲೋಟ ತಂದುಕೊಡಲಿ.

ಗಂಡಸರಿಗೂ ಕಡ್ಡಿ ಕೊಡಿ. ಮೀನಿನ ಬಲೆ ಹೆಣೆಯುವ ಕೈಗೆ, ಹಗ್ಗ ಹೊಸೆಯುವ ಕೈಗೆ ಉಲ್ಲನ್ ಕಷ್ಟವೇ? ನಾಚಿಕೊಳ್ಳುವವರು ಓದುವ ಕೆಲಸ ವಹಿಸಿಕೊಳ್ಳಲಿ.

ಅಕ್ಕಪಕ್ಕದ ನಾಲ್ಕು ಮನೆಯವರು ಸೇರುವುದಾದರೆ ಮಧ್ಯಾಹ್ನ ಎರಡರಿಂದ ನಾಲ್ಕೂವರೆ ಒಳ್ಳೆಯ ಹೊತ್ತು. ಈ ಭಾಗದಲ್ಲಿ ಸಂಜೆಯಾದ ಮೇಲೆ ತೋಟದ ದಾರಿಯಲ್ಲಿ ಹೆಣಿಗೆ ಚೀಲ ಹಿಡಿದು ನಡೆಯುವ ಕಾಲ ಹೋಯಿತು. ಆನೆಗಳು ಎಲ್ಲಿವೆ ಎಂದು ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಕಳಿಸುವ ಸಂದೇಶ ನೋಡಿಕೊಂಡೇ ಹೊರಡಿ. ಸಂದೇಶ ಬರಲು ನೆಟ್‌ವರ್ಕ್ ಇಲ್ಲದ ದಿನ ಮನೆಯಲ್ಲೇ ಇರಿ. ಆನೆಯ ಭಯಕ್ಕೆ ಸಂಜೆಗಳು ಮನೆಯೊಳಗೆ ಸಿಕ್ಕಿಕೊಂಡಿರುವುದು ಇಲ್ಲಿನವರ ದೊಡ್ಡ ಸಂಕಟ. ಅದಕ್ಕೆ ಪರಿಹಾರ ಉಲ್ಲನ್ನಿನಲ್ಲಿಲ್ಲ, ಒಳಗೇ ಕಳೆಯಬೇಕಾದ ಹೊತ್ತನ್ನು ಕಳೆಯಲು ಒಂದು ದಾರಿ ಮಾತ್ರ ಇದೆ.

ಮಕ್ಕಳು ಬೆಂಗಳೂರಿನಲ್ಲೋ ಇನ್ನೂ ದೂರದಲ್ಲೋ ಇರುವ ಮನೆಗಳೇ ಈಗ ಹೆಚ್ಚು. ಓದುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ನೆಟ್‌ವರ್ಕ್ ಬಂದಾಗ ಅವರಿಗೆ ಕಳಿಸಿ. ಹಿನ್ನೆಲೆಯಲ್ಲಿ ಮಳೆಯ ಸದ್ದು ಇರಲಿ, ತೆಗೆಯಬೇಡಿ. ಅಳತೆಗೆಂದು ಫೋನ್ ಮಾಡಿ "ತಲೆ ಸುತ್ತಳತೆ ಹೇಳೋ" ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುವುದಿಲ್ಲ.

ಪುಷ್ಯದಿಂದ ಆಶ್ಲೇಷ: ಒಂದು ಟೋಪಿ

ಮಫ್ಲರ್ ಮುಗಿದ ಮೇಲೆ ಟೋಪಿ. ಐದರಿಂದ ಎಂಟು ವರ್ಷದ ಮಗುವಿನ ಅಳತೆ ಇದು, ಕಡ್ಡಿ, ನೂಲು ಮೊದಲಿನವೇ. ಇಲ್ಲಿ ಉಲ್ಟಾ ಕುಣಿಕೆ ಕಲಿಯಬೇಕು. ನೂಲನ್ನು ಮುಂದೆ ಇಟ್ಟುಕೊಂಡು, ಬಲಗಡ್ಡಿಯನ್ನು ಕುಣಿಕೆಯ ಮುಂಭಾಗದಲ್ಲಿ ಬಲದಿಂದ ಎಡಕ್ಕೆ ಚುಚ್ಚಿ, ನೂಲು ಸುತ್ತಿ, ಸುತ್ತನ್ನು ಹಿಂದಕ್ಕೆ ತಳ್ಳಿ ಹಳೆಯದನ್ನು ಇಳಿಸಿ.

90 ಕುಣಿಕೆ ಹಾಕಿ. ಒಂದು ಸೀದಾ, ಒಂದು ಉಲ್ಟಾ ಎಂದು ಸಾಲು ಪೂರ್ತಿ ಹೋಗಿ, ಪ್ರತಿ ಸಾಲನ್ನೂ ಹೀಗೆಯೇ 5 ಸೆಂ.ಮೀ. ಹೆಣೆಯಿರಿ. ಇದು ಹಣೆಗೆ ಹಿಡಿದು ನಿಲ್ಲುವ ಪಟ್ಟಿ, ನೂಲನ್ನು ಸೀದಾಕ್ಕೆ ಹಿಂದೆ, ಉಲ್ಟಾಕ್ಕೆ ಮುಂದೆ ತರುವುದನ್ನು ಮರೆಯಬಾರದು. ಆಮೇಲೆ ಒಂದು ಸಾಲು ಪೂರ್ತಿ ಸೀದಾ, ಮುಂದಿನದು ಪೂರ್ತಿ ಉಲ್ಟಾ, ಒಟ್ಟು ಎತ್ತರ 14 ಸೆಂ.ಮೀ. ಆಗುವವರೆಗೆ.

ಇನ್ನು ನೆತ್ತಿ ಕಿರಿದು ಮಾಡುವುದು. 8 ಸೀದಾ ಹೆಣೆದು ಮುಂದಿನ ಎರಡನ್ನು ಒಟ್ಟಿಗೆ ಚುಚ್ಚಿ ಒಂದು ಮಾಡಿ, ಸಾಲು ಮುಗಿಯುವವರೆಗೆ ಹೀಗೆ. 90 ಇದ್ದದ್ದು 81 ಆಯಿತು. ಮುಂದಿನ ಸಾಲು ಪೂರ್ತಿ ಉಲ್ಟಾ. ಅದರ ಮುಂದಿನ ಸಾಲಿನಲ್ಲಿ 7 ಸೀದಾ, ಎರಡನ್ನು ಒಂದು ಮಾಡಿದರೆ 72. ಒಂದು ಬಿಟ್ಟು ಒಂದು ಸಾಲಿನಲ್ಲಿ ಹೀಗೆ ಕಡಿಮೆ ಮಾಡುತ್ತಾ ಹೋಗಿ, ಕೊನೆಗೆ 9 ಕುಣಿಕೆ ಉಳಿಯುತ್ತವೆ. ಒಂದು ಮೊಳ ನೂಲು ಬಿಟ್ಟು ಕತ್ತರಿಸಿ, ದಪ್ಪ ಸೂಜಿಯಲ್ಲಿ ಆ ನೂಲನ್ನು ಒಂಬತ್ತರೊಳಗೂ ತೂರಿಸಿ ಬಿಗಿದು, ಅದೇ ನೂಲಿನಲ್ಲಿ ಪಕ್ಕದ ಅಂಚುಗಳನ್ನು ಹೊಲಿಯಿರಿ. ಎಳೆಕೂಸಿಗೆ ಕುಲಾವಿ ಬೇಕೆಂದರೆ ಇದೇ ಲೆಕ್ಕವನ್ನು 10ನೇ ನಂಬರ್ ಕಡ್ಡಿ, ಸಪೂರ ನೂಲಿನಲ್ಲಿ ಮಾಡಿ, ಪಟ್ಟಿ 3 ಸೆಂ.ಮೀ., ಒಟ್ಟು ಎತ್ತರ 10 ಸೆಂ.ಮೀ. ಸಾಕು. ಕೂಸಿನ ಕುಲಾವಿಗೆ ಗುಂಡಿ, ಮಣಿ ಬೇಡ, ಕಿತ್ತು ನುಂಗಿಬಿಡುತ್ತದೆ.

ಒಗೆಯುವಾಗ ಉಗುರು ಬೆಚ್ಚಗಿನ ನೀರು, ಶಾಂಪೂ ಒಂದಿಷ್ಟು. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ಹಗ್ಗಕ್ಕೆ ನೇತುಹಾಕಿದರೆ ಉದ್ದಕ್ಕೆ ಜಗ್ಗುತ್ತದೆ, ಮೊರದ ಮೇಲೆ ಹರಡಿ ಅಟ್ಟದ ಬೆಚ್ಚನೆಯ ಕಡೆ ಇಡಿ.

ಇಷ್ಟಕ್ಕೆ ಹೋಗದ ಬೇಸರ

ಮಳೆಗಾಲದ ಮಂಕು ಎಲ್ಲರಿಗೂ ಒಂದಷ್ಟು ಇರುತ್ತದೆ. ಎರಡು ವಾರ ಕಳೆದರೂ ನಿದ್ದೆ, ಊಟ ಸೇರದಿದ್ದರೆ, ಸಾಲದ ಚಿಂತೆಯೋ ಬೆಳೆ ಹೋದ ದುಃಖವೋ ಬದುಕೇ ಬೇಡ ಎನ್ನುವವರೆಗೆ ಒಯ್ದರೆ ಅದು ಹೆಣಿಗೆ, ಓದಿಗೆ ಬಗ್ಗುವ ಬೇಸರವಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಹೆಣೆದದ್ದು ಮನೆಗೆ ಹೆಚ್ಚಾದರೆ

ಅರೇಬಿಕಾ ಕುಯ್ಲು ನವೆಂಬರ್‌ನಲ್ಲಿ ಶುರುವಾಗುತ್ತದೆ, ರೊಬಸ್ಟಾ ಮುಗಿಯುವಾಗ ಮಾರ್ಚ್. ಆ ಚಳಿಯ ಬೆಳಗುಗಳಲ್ಲಿ ಅಪ್ಪ ಅಮ್ಮಂದಿರು ಹಣ್ಣು ಕುಯ್ಯಲು ಹೋದ ಮೇಲೆ ಲೈನ್ ಮನೆಗಳ ಮಕ್ಕಳು ತಲೆಗೊಂದು ಬಟ್ಟೆಯೂ ಇಲ್ಲದೆ ಅಂಗನವಾಡಿಗೆ ನಡೆಯುತ್ತಾರೆ. ಮೇಲೆ ಹೇಳಿದಂಥ ಟೋಪಿಯನ್ನು ಕೈಪಳಗಿದವರು ಒಂದು ವಾರದಲ್ಲಿ ಮುಗಿಸುತ್ತಾರೆ, ನೂಲು ಒಂದೆರಡು ಉಂಡೆ. ನಿಮ್ಮೂರಿನ ಅಂಗನವಾಡಿ ಕಾರ್ಯಕರ್ತೆಯನ್ನು ಮಕ್ಕಳೆಷ್ಟು, ವಯಸ್ಸೆಷ್ಟು ಎಂದು ಈಗಲೇ ಕೇಳಿಟ್ಟುಕೊಳ್ಳಿ. ಆಶ್ಲೇಷದಿಂದ ದೀಪಾವಳಿಯವರೆಗೆ ನಾಲ್ಕು ಮನೆಯವರು ಕುಳಿತರೆ ಒಂದು ಅಂಗನವಾಡಿಗೆ ಸಾಲುವಷ್ಟು ಆಗುತ್ತದೆ. ಎಲ್ಲರಿಗೂ ಆಗುವಷ್ಟು ಸೇರಿದ ಮೇಲೆ ಒಟ್ಟಿಗೇ ಕೊಡಿ, ಒಂದು ಮಗುವಿಗೂ ಇಲ್ಲ ಎನ್ನುವಂತಾಗಬಾರದು. ಕೊಡುವಾಗ ಫೋಟೊ ಮಾತ್ರ ತೆಗೆಸಿಕೊಳ್ಳಬೇಡಿ.